ಐದನೇ ಪೆಟ್ಟಿಗೆಯ ಭೂತಗಳು

ಇನ್ನೊಬ್ಬರ ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಒಂದು ಅನುಕೂಲವಿದೆ. ಅವನ ತಪ್ಪು ಹುಡುಕಲು ಯಾರಿಗೂ ಬಿಡುವು ಸಿಗುವುದಿಲ್ಲ. ಎಲ್ಲರೂ ತಮ್ಮ ತಮ್ಮ ತಪ್ಪು ಮುಚ್ಚಿಡುವುದರಲ್ಲೇ ಮುಳುಗಿರುತ್ತಾರೆ. ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಫೈನಲ್ ಚೆಕಿಂಗ್ ವಿಭಾಗದ ಇನ್‌ಚಾರ್ಜ್ ಆಗಿದ್ದವನು. ಹೊಲಿಗೆ ಬಿಟ್ಟಿದೆಯೇ, ಕಾಲರ್ ಸೊಟ್ಟಗಿದೆಯೇ, ಬಣ್ಣ ಮೆತ್ತಿದೆಯೇ ಎಂದು ನೋಡಿ ‘ಪಾಸ್’ ಅಥವಾ ‘ರಿಜೆಕ್ಟ್’ ಎನ್ನುವುದು ನನ್ನ ಕೆಲಸ. ಎರಡನೆಯ ಮಾತನ್ನೇ ಹೆಚ್ಚಾಗಿ ಆಡುತ್ತಿದ್ದುದರಿಂದ ಕಂಪನಿಯಲ್ಲಿ ನನಗೆ ‘ರಿಜೆಕ್ಟ್ ಅಣ್ಣ’ ಎಂದೇ ಹೆಸರು. ನಿವೃತ್ತನಾದರೂ ಕಣ್ಣು ನಿವೃತ್ತವಾಗಲಿಲ್ಲ. ಒಮ್ಮೆ ನೆಂಟರ ಮದುವೆಯಲ್ಲಿ ವರನಿಗೆ ಅಕ್ಷತೆ ಹಾಕಲು ಹೋದವನು, ಅವನ ಅಂಗಿಯ ತೋಳಿನಲ್ಲಿ ಒಂದು ನೂಲು ನೇತಾಡುವುದನ್ನು ಕಂಡು ಸುಮ್ಮನಿರಲಾರದೆ ಎಳೆದೆ. ತೋಳಿನ ಮಡಿಕೆ ಪೂರ್ತಿ ಬಿಚ್ಚಿಕೊಂಡಿತು. ಮುಹೂರ್ತ ತಪ್ಪಲಿಲ್ಲ, ಆದರೆ ಫೋಟೋಗಳಲ್ಲೆಲ್ಲ ವರ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದಾನೆ. ಅಂದಿನಿಂದ ನಮ್ಮ ಬಳಗದವರು ನನ್ನನ್ನು ಕಂಡರೆ ಶಾಲು ಹೊದ್ದುಕೊಳ್ಳುತ್ತಾರೆ.

ಇಂಥ ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನದ ಜೊತೆಗೆ ಸ್ವಲ್ಪ ಹೇಡಿತನವೂ ಕಾರಣ. ನಮ್ಮದು ಮಗ್ಗದ ಮನೆತನ. ತಲೆಮಾರುಗಳಿಂದ ಈ ತಮಿಳು ಸೀಮೆಯಲ್ಲೇ ಇದ್ದೇವೆ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಲು ಬರುವುದು ಇಡೀ ಮನೆಯಲ್ಲಿ ನನಗೊಬ್ಬನಿಗೆ. ಅದೂ ದಿನಕ್ಕೆ ಎರಡು ಪುಟದಂತೆ ಕಾಪಿ ಬರೆದು ದೊಡ್ಡವನಾದ ಮೇಲೆ ಕಲಿತದ್ದು. ಹಾಗಾಗಿ ಈ ತಪ್ಪೊಪ್ಪಿಗೆಯನ್ನು, ಅದರಲ್ಲೂ ಇದರ ಕೊನೆಯ ನಾಲ್ಕು ಸಾಲನ್ನು, ಊಟದ ಮೇಜಿನ ಮೇಲೆ ಬಿಟ್ಟು ಹೋದರೂ ಭಯವಿಲ್ಲ.

ಮೊದಲು ನಮ್ಮ ಮನೆಯ ಗಡಿಯಾರದ ವಿಷಯ ಹೇಳಬೇಕು. ನಾನು ಏಳುವುದು ನಾಲ್ಕೂಮುಕ್ಕಾಲಿಗೆ, ಆರಕ್ಕೆ ಕಾಫಿ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಸಂಜೆ ಆರು ಹೊಡೆಯಿತೆಂದರೆ ವಾಕಿಂಗ್, ಏಳಕ್ಕೆ ವಾಪಸ್ಸು. ಕೋವೈನ, ಎಂದರೆ ಕೊಯಮತ್ತೂರಿನ, ಆರ್.ಎಸ್. ಪುರಂನ ನಮ್ಮ ಬೀದಿಯಲ್ಲಿ ನನ್ನ ಚಪ್ಪಲಿ ಸದ್ದು ಕೇಳಿ ಹಾಲು ಒಲೆಯ ಮೇಲಿಡುವವರಿದ್ದಾರೆ. ಇಷ್ಟಕ್ಕೆಲ್ಲ ಯಜಮಾನ ನಡುಮನೆಯ ಗೋಡೆಯ ಮೇಲಿರುವ, ಗಂಟೆ ಹೊಡೆಯುವ ಗಡಿಯಾರ. ಪ್ರತಿ ಭಾನುವಾರ ಸ್ನಾನ ಮಾಡಿ ಅದಕ್ಕೆ ಕೀ ಕೊಡುತ್ತೇನೆ. ನಲವತ್ತು ವರ್ಷದ ಹಿಂದೆ ನಮ್ಮ ಮುದಲಾಳಿ, ಎಂದರೆ ಕಂಪನಿಯ ಯಜಮಾನರು, ಇಡೀ ಕಂಪನಿಯ ಮುಂದೆ ನನ್ನನ್ನು ಕರೆದು, ಶಾಲು ಹೊದಿಸಿ ಕೊಟ್ಟ ಬಹುಮಾನ ಅದು. ಯಾಕೆ ಕೊಟ್ಟರೆಂದರೆ, ಅದೇ ಭೂತಗಳ ಕಥೆ.

ಆಗ ವಿದೇಶದ ಒಬ್ಬ ಹಾಡುಗಾರನ ವಿಡಿಯೋ ಒಂದು ಲೋಕವನ್ನೆಲ್ಲ ಹುಚ್ಚು ಹಿಡಿಸಿತ್ತು. ಸ್ಮಶಾನದಲ್ಲಿ ಹೆಣಗಳು ಎದ್ದು, ಮಣ್ಣು ಕೊಡವಿಕೊಂಡು, ಸಾಲಾಗಿ ನಿಂತು ಕುಣಿಯುತ್ತವೆ. ನನ್ನ ವೃತ್ತಿಯ ದೃಷ್ಟಿಯಿಂದ ಹೇಳುವುದಾದರೆ ಆ ಹೆಣಗಳ ಬಟ್ಟೆಯಲ್ಲಿ ಪಾಸ್ ಆಗುವ ಪೀಸು ಒಂದೂ ಇರಲಿಲ್ಲ. ಆದರೆ ಸಾಲು ಮಾತ್ರ ಕೈಮುಗಿಯುವಂತಿತ್ತು. ಸತ್ತವರಲ್ಲಿ ಅಷ್ಟು ಶಿಸ್ತು ಇರುವಾಗ ನಮ್ಮ ಪ್ಯಾಕಿಂಗ್ ವಿಭಾಗಕ್ಕೇನು ಬಂದಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಆ ಕುಣಿತವನ್ನು ಬಿಳಿ ಟೀ ಶರಟಿನ ಎದೆಯ ಮೇಲೆ ಅಚ್ಚು ಹಾಕಿ ಕಳಿಸಿ ಎಂದು ನಮ್ಮ ಕಂಪನಿಗೆ ದೊಡ್ಡ ಆರ್ಡರ್ ಬಂತು. ಏಳು ಭೂತಗಳು, ಒಂದು ಕೈ ಮೇಲೆ, ಒಂದು ಕಾಲು ಮುಂದೆ. ಚಿತ್ರದ ಫಿಲ್ಮ್ ಕಳಿಸಿದ್ದರು. ಅದು ಪಾರದರ್ಶಕ ಹಾಳೆ. ಹೀಗಿಟ್ಟರೆ ಭೂತದ ಬಲಗೈ ಮೇಲೆ, ಮಗುಚಿಟ್ಟರೆ ಎಡಗೈ ಮೇಲೆ. ಒಂದೇ ಒಂದು ಅಕ್ಷರ ಇದ್ದಿದ್ದರೂ ಯಾವುದು ಸರಿ ಎಂದು ತಿಳಿಯುತ್ತಿತ್ತು. ಇರಲಿಲ್ಲ.

ಮುದಲಾಳಿ ಬಾಡಿಗೆಗೆ ಟಿವಿಯನ್ನೂ ವಿಡಿಯೋ ಡೆಕ್ಕನ್ನೂ ತರಿಸಿ, ಎಲ್ಲರೂ ನೋಡಿಕೊಳ್ಳಲಿ ಎಂದು ಸ್ಯಾಂಪಲ್ ರೂಮಿನಲ್ಲಿ ಇಡಿಸಿದರು. ಚೆಕಿಂಗ್‌ನ ಹೆಣ್ಣುಮಕ್ಕಳು, ಪ್ರಿಂಟಿಂಗ್‌ನವರು, ಪ್ಯಾಕಿಂಗ್‌ನವರು, ವಾಚ್‌ಮನ್ ಎಲ್ಲರೂ ನೆಲದ ಮೇಲೆ ಕೂತರು. ಇನ್‌ಚಾರ್ಜ್ ಆದವನು ಅವರ ಜೊತೆ ಕೂತು ಬಾಯಿ ಬಿಟ್ಟುಕೊಂಡು ನೋಡಲಾದೀತೆ? ನಾನು ಪರೀಕ್ಷೆಯ ಮೇಲ್ವಿಚಾರಕನ ಹಾಗೆ ಟಿವಿಗೆ ಬೆನ್ನು ಮಾಡಿ, ಜನಕ್ಕೆ ಮುಖ ಮಾಡಿ, ಕೈ ಕಟ್ಟಿ ನಿಂತೆ. ಹಾಗಾದರೆ ವಿಡಿಯೋ ಹೇಗೆ ನೋಡಿದೆ ಎಂದು ಕೇಳುತ್ತೀರಿ. ಎದುರು ಗೋಡೆಯಲ್ಲಿ, ವಿದೇಶದ ಗಿರಾಕಿಗಳು ಅಂಗಿ ತೊಟ್ಟು ನೋಡಿಕೊಳ್ಳಲೆಂದು ಹಾಕಿಸಿದ್ದ ಆಳೆತ್ತರದ ಕನ್ನಡಿಯಿತ್ತು. ಅದರಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಏಳು ಸಲ ಹಾಕಿಸಿ, ಏಳು ಸಲವೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ‘ಎಡಗೈ ಮೇಲೆ.’

ಓದುಗರಿಗೆ ಈಗಾಗಲೇ ಅರ್ಥವಾಗಿರುತ್ತದೆ. ನನಗೆ ಅರ್ಥವಾಗಲು ನಲವತ್ತು ವರ್ಷ ಹಿಡಿಯಿತು.

ಪ್ರಿಂಟಿಂಗ್ ಮಾಸ್ಟರ್ ಆರುಮುಗಂ ಬಲಗೈ ಮೇಲೆತ್ತಿದ ಭೂತಗಳನ್ನು ಒಂದು ಲಾರಿಯಷ್ಟು ಅಚ್ಚು ಹಾಕಿ ತಂದಿಟ್ಟ. ನಾನು ಒಂದು ಪೀಸು ಎತ್ತಿ ನೋಡಿ, ಅಲ್ಲೇ ರಿಜೆಕ್ಟ್ ಎಂದೆ. “ಫಿಲ್ಮ್ ಮಗುಚಿ ಹಾಕಿದ್ದೀಯಪ್ಪಾ” ಎಂದು ಎಲ್ಲರೆದುರು ನೋಟ್‌ಬುಕ್ ತೆರೆದು ತೋರಿಸಿದೆ. ಚೆಕಿಂಗ್‌ನಲ್ಲಿದ್ದ ಸರೋಜಾ ಎಂಬ ಹುಡುಗಿ ಮೆಲ್ಲಗೆ, “ಸಾರ್, ಬಲಗೈ ಅಲ್ವಾ ಎತ್ತಿದ್ದು?” ಎಂದಳು. “ಇಲ್ಲಿ ಇನ್‌ಚಾರ್ಜ್ ಯಾರು, ನೀನಾ ನಾನಾ?” ಎಂದು ಕೇಳಿದೆ. ಮೂರು ವರ್ಷದ ಮೇಲೆ ಆ ಹುಡುಗಿಯನ್ನೇ ಹಿರಿಯರು ನನಗೆ ಗೊತ್ತು ಮಾಡಿ ಮದುವೆ ಮಾಡಿದರು. ಅಷ್ಟು ಬೈಸಿಕೊಂಡೂ ಯಾಕೆ ಒಪ್ಪಿದೆ ಎಂದು ಒಮ್ಮೆ ಕೇಳಿದ್ದಕ್ಕೆ, “ಮನೇಲಿ ಇನ್‌ಚಾರ್ಜ್ ಯಾರು ಅಂತ ತೋರ್ಸೋಕೆ” ಎಂದಿದ್ದಳು.

ಆರುಮುಗಂ ಅಚ್ಚಿನ ಸ್ಕ್ರೀನ್ ಬದಲಿಸಿದ. ಹೊಸ ಮಾಲನ್ನು ಎಂದಿನ ಕ್ರಮದಂತೆ ಎಣಿಸಿ, ಪ್ರತಿ ಐದನೇ ಪೆಟ್ಟಿಗೆ ಬಿಚ್ಚಿ ನೋಡಿ ಪಾಸ್ ಮಾಡಿದೆ. ಎಲ್ಲದರಲ್ಲೂ ಎಡಗೈ. ಹಡಗು ಹೋಯಿತು, ಗಿರಾಕಿಯಿಂದ ಮೆಚ್ಚುಗೆ ಬಂತು, ನನಗೆ ಗಡಿಯಾರ ಬಂತು. ಆರುಮುಗಂಗೆ ಬಂದದ್ದು ‘ಉಲ್ಟಾ ಆರುಮುಗಂ’ ಎಂಬ ಹೆಸರು. ಮುಂದಿನ ವರ್ಷ ಅವನು ಕೆಲಸ ಬಿಟ್ಟು ಧಾರಾಪುರಂಗೆ ಹೋಗಿ ಸ್ವಂತ ಪ್ರಿಂಟಿಂಗ್ ಶೆಡ್ ಹಾಕಿದ. ಇತ್ತ ಊರಿನ ಹುಡುಗರೂ ಅದೇ ಭೂತದ ಶರಟು ತೊಟ್ಟು ತಿರುಗತೊಡಗಿದರು. ಹೆಚ್ಚಾದ ಮಾಲು ಸಂತೆಗೆ ಬಂದಿರಬೇಕು ಅಂದುಕೊಂಡು, ಪ್ರತಿ ಎದೆಯ ಮೇಲೂ ನನ್ನ ಎಡಗೈ ಕಂಡು ಒಳಗೊಳಗೇ ಬೀಗಿದೆ.

ಇದಿಷ್ಟು ಹಳೆಯದು. ಈ ವರ್ಷ ನಮ್ಮ ಬೀದಿಯ ಪೊಂಗಲ್ ಕಾರ್ಯಕ್ರಮಕ್ಕೆ ಮೊಮ್ಮಗಳು ಪವಿತ್ರಾ ಆರು ಜನ ಗೆಳತಿಯರನ್ನು ಕೂಡಿಸಿಕೊಂಡು ಅದೇ ಭೂತಗಳ ಕುಣಿತ ಮಾಡುವುದಾಗಿ ಹೊರಟಳು. ನಲವತ್ತು ವರ್ಷವಾದರೂ ಆ ಹೆಣಗಳು ಮತ್ತೆ ಮಲಗಿಲ್ಲ ನೋಡಿ. ಮದುವೆ ಮನೆಯಲ್ಲಿ ಕುಣಿಯುತ್ತವೆ, ಕಾಲೇಜಿನಲ್ಲಿ ಕುಣಿಯುತ್ತವೆ, ಮೊನ್ನೆ ಬಳಗದ ಒಂದು ಸೀಮಂತದಲ್ಲಿ ಬಸುರಿಯ ಸುತ್ತಲೂ ಕುಣಿದವು. ಯಾರಿಗೂ ಅಪಶಕುನ ಅನ್ನಿಸಲಿಲ್ಲ. ತಾಲೀಮು ನಮ್ಮ ಮಹಡಿಯ ಮೇಲೆ. ಸಂಜೆ ಐದರಿಂದ ಆರರವರೆಗೆ ನಾನು ನೀರಿನ ತೊಟ್ಟಿಯ ಮೇಲೆ ಸ್ಟೀಲ್ ಸ್ಕೇಲ್ ಬಡಿದು ಎಣಿಕೆ ಹೇಳುವವನು. ಮೊದಲ ದಿನವೇ ಹುಡುಗಿಯರು ಬಲಗೈ ಎತ್ತಿದರು.

“ರಿಜೆಕ್ಟ್!” ಎಂದೆ. “ಎಡಗೈ ಮೇಲೆ.”

“ಇಲ್ಲ ತಾತಾ, ವಿಡಿಯೋಲಿ ಬಲಗೈ” ಎಂದು ಪವಿತ್ರಾ ಫೋನ್ ಹಿಡಿದಳು. “ತಮಾಷೆ ಏನಂದ್ರೆ, ನಮ್ ಕೋವೈ ಡ್ಯಾನ್ಸ್ ಮಾಸ್ಟರೂ ಎಡಗೈ ಅಂತಾರೆ. ನಮ್ ಸೊಂದಕಾರರು ನೆಂಟರಿಷ್ಟರ ಮದ್ವೆ ವಿಡಿಯೋ ಎಲ್ಲ ನೋಡ್ದೆ, ಎಲ್ರೂ ಎಡಗೈ. ಮದುರೈಲಿ ಬಲಗೈ, ಮೈಸೂರಲ್ಲಿ ಬಲಗೈ, ಜಪಾನಲ್ಲೂ ಬಲಗೈ. ಈ ಎರಡು ಜಿಲ್ಲೇಲಿ ಮಾತ್ರ ಎಲ್ಲ ಭೂತಕ್ಕೂ ಎಡಗೈ. ಯಾರು ತಾತಾ ಇದನ್ನ ಶುರು ಮಾಡಿದ್ದು?”

“ನಿನ್ನ ಫೋನು ತಿರುಗಿಸಿ ತೋರಿಸುತ್ತೆ. ನೀವು ಮುಖ ನೋಡ್ಕೊಂಡು ಫೋಟೋ ತಗೀತೀರಲ್ಲ, ಕನ್ನಡಿ ಥರಾ...” ಎಂದೆ. ಕನ್ನಡಿ ಎಂದದ್ದೇ ತಡ, ಸ್ಕೇಲ್ ಹಿಡಿದ ಕೈ ಅಲ್ಲೇ ನಿಂತಿತು. ಸ್ಯಾಂಪಲ್ ರೂಮ್ ಕಣ್ಣ ಮುಂದೆ ಬಂತು. ನೆಲದ ಮೇಲೆ ಕೂತ ಜನ ಬಂದರು, ಕೈ ಕಟ್ಟಿ ನಿಂತ ನಾನು ಬಂದೆ, ಎದುರು ಗೋಡೆಯೂ ಬಂತು.

“ಆ ತಪ್ಪು ಮಾಡಿದವ್ರು ಯಾರು ಅಂತ ಕಂಡುಹಿಡ್ದು, ಡ್ಯಾನ್ಸ್‌ಗೆ ಮುಂಚೆ ಮೈಕಲ್ಲಿ ಹೇಳ್ತೀನಿ” ಎಂದಳು ಪವಿತ್ರಾ ಉತ್ಸಾಹದಿಂದ. “ಒಳ್ಳೆ ಕಾಮಿಡಿ ಆಗತ್ತೆ.”

ಅಷ್ಟರಲ್ಲಿ ಕೆಳಗೆ ಗಡಿಯಾರ ಆರು ಹೊಡೆಯಿತು. ಅಷ್ಟು ಕೃತಜ್ಞತೆಯಿಂದ ನಾನು ಎಂದೂ ವಾಕಿಂಗ್‌ಗೆ ಹೋಗಿರಲಿಲ್ಲ.

ಆ ರಾತ್ರಿ ಮೈಕಿನ ಭಯ ಒಂದು ಕಡೆ. ಮೂವತ್ತನಾಲ್ಕು ವರ್ಷ ಒಂದು ತಪ್ಪು ಪೀಸನ್ನೂ ಬಿಡಲಿಲ್ಲ ಎಂಬ ಹೆಸರು ಬೀದಿಯ ಶಾಮಿಯಾನದ ಕೆಳಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಆರುಮುಗಂನ ಮುಖ ಚುಚ್ಚುತ್ತಿತ್ತು. ಸರಿಯಾಗಿ ಕೆಲಸ ಮಾಡಿದವನು ‘ಉಲ್ಟಾ’ ಎನ್ನಿಸಿಕೊಂಡು ಊರು ಬಿಟ್ಟ. ಅವನಿಗೆ ಸಲ್ಲಬೇಕಾದ ಗಡಿಯಾರಕ್ಕೆ ನಾನು ನಲವತ್ತು ವರ್ಷದಿಂದ ಕೀ ಕೊಡುತ್ತಿದ್ದೇನೆ. ಪವಿತ್ರಾ ಕಂಡುಹಿಡಿಯುವ ಮೊದಲು ನಾನೇ ಹೋಗಿ ಅವನ ಮುಂದೆ ತಪ್ಪೊಪ್ಪಿಕೊಂಡು, ಗಡಿಯಾರ ಕೊಟ್ಟು ಬರಬೇಕು ಎಂದು ನಿಶ್ಚಯಿಸಿದೆ. ಬೆಳಿಗ್ಗೆ ಗೋಡೆಯಿಂದ ಅದನ್ನು ಇಳಿಸುವಾಗ ಸರೋಜಾ, “ಏನುಂಗ, ರಿಪೇರಿನಾ?” ಎಂದಳು. “ಹ್ಞೂಂ, ರಿಪೇರಿ” ಎಂದೆ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಗಡಿಯಾರವನ್ನು ಹಳೆಯ ಮದುವೆ ಮನೆಯ ಹಳದಿ ಚೀಲದಲ್ಲಿ ಹಾಕಿ, ತೊಡೆಯ ಮೇಲಿಟ್ಟುಕೊಂಡು ಧಾರಾಪುರಂ ಬಸ್ಸಿನಲ್ಲಿ ಕೂತೆ. ಪಲ್ಲಡಂ ದಾಟಿದ ಮೇಲೆ ಚೀಲ ಢಣ್ ಢಣ್ ಎಂದು ಹತ್ತು ಹೊಡೆಯಿತು. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಕಂಡಕ್ಟರ್ ಬಂದು ಚೀಲದೊಳಗೆ ಇಣುಕಿ, ತನ್ನ ಕೈಗಡಿಯಾರ ನೋಡಿಕೊಂಡು, “ಸರಿಯಾಗಿದೆ ಪೆರಿಯವರೇ, ನಮ್ಮ ಬಸ್ಸೇ ಎಂಟು ನಿಮಿಷ ಲೇಟು” ಎಂದ. ಅಂಥ ದುಗುಡದಲ್ಲೂ ನನಗೆ ಹೆಮ್ಮೆಯಾಯಿತು.

ಆರುಮುಗಂ ಶೆಡ್ಡಿನ ಮುಂದಿನ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಬೆರಳುಗಳ ಸಂದಿನಲ್ಲಿ ಬಣ್ಣ ಮಾತ್ರ ಹಾಗೆಯೇ ಇದೆ. ನನ್ನನ್ನು ನೋಡಿದವನೇ ಎದ್ದು, “ವಾಂಗಣ್ಣಾ, ವಾಂಗ!” ಎಂದು ಕೈ ಹಿಡಿದುಕೊಂಡ. ಆಮೇಲೆ ಅವನಾಡಿದ್ದೂ ತಮಿಳಿನಲ್ಲೇ. ನಾನು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಮೋರು, ಎಂದರೆ ಮಜ್ಜಿಗೆ, ತರಿಸಿದ. ಕುಡಿಯದೆ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಟಿವಿಗೆ ಬೆನ್ನು ಮಾಡಿದ್ದು, ಕನ್ನಡಿ, ನೋಟ್‌ಬುಕ್, ಎಲ್ಲ. “ನಿನ್ನದೇ ಸರಿಯಿತ್ತು ಆರುಮುಗಂ. ಇದು ನಿನಗೆ ಸೇರಬೇಕಾದದ್ದು” ಎಂದು ಗಡಿಯಾರ ಅವನ ಕೈಗಿಟ್ಟೆ.

ಅವನು ಗಡಿಯಾರ ನೋಡಿದ, ನನ್ನನ್ನು ನೋಡಿದ. ಆಮೇಲೆ ನಗಲು ಶುರು ಮಾಡಿದವನು ಮೋರಿನ ಲೋಟ ಕೆಳಗಿಡುವಷ್ಟು ನಕ್ಕ.

“ಅಣ್ಣಾ, ಅವತ್ತೇ ಗೊತ್ತಿತ್ತು. ನನಗೂ ಗೊತ್ತು, ಮುದಲಾಳಿಗೂ ಗೊತ್ತು.”

“ಮತ್ತೆ ಯಾಕಯ್ಯಾ ಹೇಳಲಿಲ್ಲ?”

“ಯಾರು ಹೇಳೋದು? ನಿಮಗೆ ತಪ್ಪು ಅಂತ ಹೇಳಿದ್ರೆ, ಆ ವರ್ಷ ಪಾಸ್ ಮಾಡಿದ್ದನ್ನೆಲ್ಲ ಮತ್ತೆ ಬಿಚ್ಚಿಸ್ತೀರಿ ಅಂತ ಮುದಲಾಳಿಗೆ ಭಯ. ‘ಅವರು ಐದನೇ ಪೆಟ್ಟಿಗೇನೇ ತೆಗೆಯೋದು. ಅದರಲ್ಲಿ ಅವರಿಗೆ ಬೇಕಾದ ಭೂತ ಹಾಕು’ ಅಂದ್ರು. ಹಾಕಿದೆ. ನೀವು ಮನೆಗೆ ಹೋದ ಮೇಲೆ ಐದನೇ ಪೆಟ್ಟಿಗೆಯ ಎಡಗೈಗಳನ್ನೆಲ್ಲ ತೆಗೆದಿಟ್ಟು, ಮಿಕ್ಕ ಪೆಟ್ಟಿಗೆಗಳ ಹಾಗೆ ಅದರಲ್ಲೂ ನೀವು ಬೇಡ ಅಂದಿದ್ದನ್ನ ತುಂಬಿ ಲಾರಿಗೆ ಏರಿಸಿದ್ವಿ. ನೀವು ರಿಜೆಕ್ಟ್ ಮಾಡಿದ್ದೆಲ್ಲ ಹಡಗು ಹತ್ತಿತು ಅಣ್ಣಾ, ಪಾಸ್ ಮಾಡಿದ್ದೆಲ್ಲ ಇಲ್ಲೇ ಸಂತೆಗೆ ಬಂತು.”

ನಾನು ಮೋರು ಕುಡಿದೆ. ಹುಡುಗರ ಎದೆಯ ಮೇಲೆ ಕಂಡು ಬೀಗಿದ ಆ ಎಡಗೈಗಳೆಲ್ಲ ಐದನೇ ಪೆಟ್ಟಿಗೆಯ ಭೂತಗಳು. ವಿಡಿಯೋ ನೋಡದಿದ್ದ ಊರಿನ ಹುಡುಗರು ಅಂಗಿ ನೋಡಿ ಕುಣಿತ ಕಲಿತರು. ಅವರೇ ಮಾಸ್ಟರುಗಳಾಗಿ ಕಲಿಸಿದರು. ಎರಡು ಜಿಲ್ಲೆಯ ಜನ ನಲವತ್ತು ವರ್ಷದಿಂದ ನನ್ನ ನೋಟ್‌ಬುಕ್ಕಿಗೆ ತಕ್ಕಂತೆ ಕುಣಿಯುತ್ತಿದ್ದಾರೆ.

“ಉಲ್ಟಾ ಅಂತ ಹೆಸರು ಬಂತಲ್ಲ ನಿನಗೆ?”

“ನೋಡಿ” ಎಂದು ಶೆಡ್ಡಿನ ಮೇಲಿನ ಬೋರ್ಡ್ ತೋರಿಸಿದ. ‘ಉಲ್ಟಾ ಪ್ರಿಂಟರ್ಸ್’ ಎಂದು ತಮಿಳಿನಲ್ಲಿ ದಪ್ಪಗೆ ಬರೆದಿತ್ತು. “ಮೊದಲು ಸ್ವಲ್ಪ ಬೇಜಾರಿತ್ತು, ಇಲ್ಲ ಅನ್ನಲ್ಲ. ಆಮೇಲೆ ನೋಡಿದ್ರೆ ಹತ್ತು ಆರುಮುಗಂ ಇರೋ ಊರಲ್ಲಿ ಉಲ್ಟಾ ಅಂದ್ರೆ ನಾನೊಬ್ಬನೇ.” ಗಡಿಯಾರವನ್ನು ಮತ್ತೆ ಹಳದಿ ಚೀಲಕ್ಕೆ ಹಾಕಿ ನನ್ನ ತೊಡೆಯ ಮೇಲಿಟ್ಟ. “ಇದು ನಿಮ್ಮದೇ. ಇದನ್ನ ಕೊಡಿಸೋಕೆ ಹೇಳಿದ್ದೇ ನಾನು.”

“ನೀನಾ?”

“ನೀವು ಆಗೆಲ್ಲ ಎಂಟಾದ್ರೂ ಮನೆಗೆ ಹೋಗ್ತಿರಲಿಲ್ಲ. ನೀವು ಹೋಗದೆ ಪೆಟ್ಟಿಗೆ ಬದಲಿಸೋದು ಹ್ಯಾಗೆ? ಮುಂದೆ ಇಂಥದ್ದು ಮತ್ತೆ ಬಂದರೆ ಅಂತ ಮುದಲಾಳಿಗೆ ಹೇಳ್ದೆ: ಅಣ್ಣನಿಗೆ ಒಂದು ಒಳ್ಳೆ ಗಡಿಯಾರ ಕೊಡಿ, ಅದರ ಮರ್ಯಾದೆಗೋಸ್ಕರವಾದ್ರೂ ಹೊತ್ತಿಗೆ ಸರಿಯಾಗಿ ಮನೆ ಸೇರೋಕೆ ಆರಕ್ಕೇ ಹೊರಡ್ತಾರೆ ಅಂತ. ಹೊರಟ್ರಲ್ಲ!”

ಹೊರಟೆ. ಅಂದಿನಿಂದ ಇಂದಿನವರೆಗೆ ಆರಕ್ಕೆ ಹೊರಡುತ್ತಿದ್ದೇನೆ. ವಾಪಸ್ಸು ಬರುವ ಬಸ್ಸಿನಲ್ಲಿ ಚೀಲ ಎರಡು ಹೊಡೆದಾಗ, ಅದು ನನ್ನನ್ನೇ ಅಣಕಿಸಿದಂತಿತ್ತು.

ಮನೆಗೆ ಬಂದು ಗಡಿಯಾರವನ್ನು ಅದೇ ಮೊಳೆಗೆ ತೂಗುಹಾಕಿ, ಸರೋಜಾಳನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು. ಕೊನೆಯ ಕಾಯಿ ಸುಲಿದಾದ ಮೇಲೆ, “ಗೊತ್ತು” ಎಂದಳು. “ಆ ಐದನೇ ಪೆಟ್ಟಿಗೆ ಮತ್ತೆ ತುಂಬಿ ಟೇಪ್ ಹಾಕಿದ್ದು ಯಾರು ಅಂದ್ಕೊಂಡ್ರಿ? ನಾನೇ.”

“ಮೂವತ್ತೇಳು ವರ್ಷ ಸಂಸಾರ ಮಾಡಿದ್ರೂ ಬಾಯಿ ಬಿಡ್ಲಿಲ್ಲವಲ್ಲೇ!”

“ಅವತ್ತೇ ಹೇಳ್ದೆ ತಾನೇ, ಬಲಗೈ ಅಂತ? ಒಂದು ಸಲ ಹೇಳಿದ್ದನ್ನ ಎರಡು ಸಲ ಯಾಕೆ ಹೇಳ್ಲಿ? ಇನ್‌ಚಾರ್ಜ್ ನೀವಲ್ವಾ?”

ಮರುದಿನ ಮಹಡಿಯ ಮೇಲೆ ಏಳು ಹುಡುಗಿಯರ ಮುಂದೆ ನಿಂತು, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಪವಿತ್ರಾ ಮೊದಲು ನಂಬಲಿಲ್ಲ. ಸರೋಜಾ ಅಡುಗೆಮನೆಯಿಂದ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ತಂದು ಬಿಡಿಸಿ ತೋರಿಸಿದಳು. ತೂತು ಬಿದ್ದು ಕಂದಿಹೋಗಿದ್ದ ಆ ಬಟ್ಟೆಯಲ್ಲಿ ಏಳರಲ್ಲಿ ಮೂರು ಭೂತ ಉಳಿದಿದ್ದವು, ಮೂರೂ ಎಡಗೈ ಎತ್ತಿ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸ್ಕೇಲ್ ಬಡಿದು ಸದ್ದಡಗಿಸಿ, “ಆಯ್ತು, ನಕ್ಕಿದ್ದು ಸಾಕು. ಇನ್ನು ಮೇಲೆ ಬಲಗೈ. ಮೈಕಲ್ಲಿ ನನ್ನ ಹೆಸರು ಬೇಡ” ಎಂದೆ.

“ಸರಿ ತಾತಾ” ಎಂದಳು ಪವಿತ್ರಾ, ಬಹಳ ವಿನಯದಿಂದ. ಅಷ್ಟು ವಿನಯ ಕಂಡಾಗಲೇ ನಾನು ಎಚ್ಚರವಾಗಬೇಕಿತ್ತು. ನಾಲ್ಕು ದಿನ ತಾಲೀಮು ನಡೆಯಿತು. ನಾಲ್ಕು ದಿನವೂ ಏಳು ಬಲಗೈಗಳು ಒಟ್ಟಿಗೆ ಮೇಲೇರಿದವು, ಒಂದು ಅಂಗುಲ ಹೆಚ್ಚುಕಡಿಮೆ ಇಲ್ಲ. ಪಾಸ್ ಎಂದೆ. ಆರು ಹೊಡೆಯಿತು, ವಾಕಿಂಗ್‌ಗೆ ಹೋದೆ.

ಪೊಂಗಲ್ ದಿನ ಬೀದಿಗೆ ಬೀದಿಯೇ ಶಾಮಿಯಾನದಲ್ಲಿ ಕೂತಿತ್ತು. ಮುಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ಸರೋಜಾ. ಮುಖಕ್ಕೆ ಹಿಟ್ಟು ಬಳಿದುಕೊಂಡ ಏಳು ಭೂತಗಳು ವೇದಿಕೆ ಹತ್ತಿದವು. ನಡುವಿನ ಭೂತ ಮೈಕ್ ಹಿಡಿದು ತಮಿಳಿನಲ್ಲಿ ಹೇಳಿತು: “ಲೋಕದ ಭೂತಗಳೆಲ್ಲ ಬಲಗೈ ಎತ್ತುತ್ತವೆ. ನಾವು ಕೋವೈ ಭೂತಗಳು. ನಮಗೆ ಎಡಗೈ ಕಲಿಸಿದ ಗುರುಗಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ನಮ್ಮ ತಾತ!”

ಓಡಿಹೋಗೋಣವೆಂದರೆ ಸರೋಜಾ ಪಂಚೆಯ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದಿದ್ದಳು. ಹಾಡು ಶುರುವಾಯಿತು. ಏಳು ಎಡಗೈಗಳು ಮೇಲೆದ್ದವು. ಹಿಂದೆ ತಿರುಗಿ ನೋಡಿದರೆ, ಶಾಮಿಯಾನದ ತುಂಬ ಹಾಲಿನವರು, ವಕೀಲರು, ನನ್ನನ್ನು ಕಂಡರೆ ಶಾಲು ಹೊದ್ದುಕೊಳ್ಳುವ ನೆಂಟರು, ಎಲ್ಲರೂ ಎಡಗೈ ಎತ್ತಿ ಕೇಕೆ ಹಾಕುತ್ತಿದ್ದರು. ಮೂವತ್ತನಾಲ್ಕು ವರ್ಷ ಪಾಸ್ ಮಾಡಿದ ಯಾವ ಪೀಸಿಗೂ ನನಗೆ ಚಪ್ಪಾಳೆ ಬಿದ್ದಿರಲಿಲ್ಲ. ಸರೋಜಾ ನನ್ನ ಕಿವಿಯ ಹತ್ತಿರ ಬಾಗಿ, “ಏನುಂಗ, ಕೈ ಇಳಿಸಿ, ಹಿಂದಿರೋರಿಗೆ ಕಾಣ್ತಿಲ್ಲ” ಎಂದಳು. ನೋಡಿಕೊಂಡೆ. ನನ್ನ ಕೈಯೂ ಮೇಲಿತ್ತು. ಎಡಗೈ.

ಆಮೇಲೆ ಪವಿತ್ರಾಳನ್ನು ಕೇಳಿದೆ: “ನಾಲ್ಕು ದಿನ ನನ್ನ ಮುಂದೆ ಬಲಗೈ ಎತ್ತಿದ್ರಲ್ಲ, ಎಡಗೈ ಯಾವಾಗ ಅಭ್ಯಾಸ ಮಾಡಿದ್ರಿ?”

“ಆರು ಗಂಟೆ ಮೇಲೆ” ಎಂದಳು.

ಗಡಿಯಾರ ಈಗಲೂ ಗೋಡೆಯ ಮೇಲಿದೆ. ಭಾನುವಾರ ಕೀ ಕೊಡುತ್ತೇನೆ, ಸಂಜೆ ಆರು ಹೊಡೆದರೆ ಚಪ್ಪಲಿ ಮೆಟ್ಟುತ್ತೇನೆ. ಗೇಟು ದಾಟಿದ ಮೇಲೆ ಒಮ್ಮೊಮ್ಮೆ ಅನಿಸುವುದುಂಟು: ಒಂದು ದಿನ ಆರೂಕಾಲಿಗೇ ಸದ್ದಿಲ್ಲದೆ ವಾಪಸ್ಸು ಬಂದು, ನಾನು ಪಾಸ್ ಮಾಡಿ ಹೋದ ಈ ಮನೆಯಲ್ಲಿ ಏನೇನು ಬದಲಾಗುತ್ತದೆಂದು ನೋಡಿಬಿಡೋಣ ಎಂದು. ಮೂಲೆಯವರೆಗೆ ಹೋಗಿ ನಿಲ್ಲುತ್ತೇನೆ. ಆಮೇಲೆ ಎಂದಿನಂತೆ ಏಳು ಗಂಟೆಯವರೆಗೆ ನಡೆಯುತ್ತೇನೆ.